ಗುಂಡಿ ಒತ್ತಿ ನೋಡಿದ ಮೇಲೆ ದುಡ್ಡು: ಮೆಕ್ಯಾನಿಕಲ್ ಕ್ರೋನೋಗ್ರಾಫ್ ಕೊಳ್ಳುವವರಿಗೆ

ಒಮೆಗಾ ಕಂಪನಿಯ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್ ಎಂಬ ಕ್ರೋನೋಗ್ರಾಫ್ ಗಡಿಯಾರವನ್ನು ಕೊಳ್ಳಬೇಕೆಂದು ಮನಸ್ಸು ಮಾಡಿದ ದಿನದಿಂದ ಅದು ನನ್ನ ಕೈಗೆ ಬರುವವರೆಗೆ ಮೂರು ವರ್ಷ ಹಿಡಿಯಿತು. ಅದರಲ್ಲಿ ಅರ್ಧ ದುಡ್ಡು ಕೂಡಿಸುವುದಕ್ಕೆ ಹೋಯಿತು; ಮಿಕ್ಕಿದ್ದು ಏನನ್ನು ನೋಡಿ ಕೊಳ್ಳಬೇಕೆಂದು ತಿಳಿಯುವುದಕ್ಕೆ ಹೋಯಿತು. ಹೊರಟಾಗ ನನ್ನ ಬಳಿ ಇದ್ದದ್ದು ಕತೆಗಳು ಮಾತ್ರ. ಚಂದ್ರನ ಮೇಲೆ ಹೋಗಿಬಂದ ಗಡಿಯಾರ, ಅಪೊಲೊ 13ರ ಯಾತ್ರಿಗಳಿಗೆ ಆಪತ್ತಿನಲ್ಲಿ ಒದಗಿದ ಗಡಿಯಾರ ಎಂದೆಲ್ಲ ಓದಿಕೊಂಡಿದ್ದೆನೇ ಹೊರತು, ಎರಡನೆಯ ಗುಂಡಿಯನ್ನು ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಸಣ್ಣ ಕಾರಿನ ಬೆಲೆಯ ವಸ್ತುವನ್ನು ಹಾಗೆ ಕೊಳ್ಳಹೊರಟವನು ಮೋಸಹೋಗದೆ ಉಳಿದದ್ದಕ್ಕೆ ಕಾರಣ ನನ್ನ ಜಾಣತನವಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ ಕೂರುವ, ಎಪ್ಪತ್ತು ದಾಟಿದ ಒಬ್ಬ ವಾಚ್ ರಿಪೇರಿಯವರು. ಅವರಿಂದ ಕಲಿತದ್ದನ್ನೂ ನಾನಾಗಿ ಎಡವಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ. ಉದಾಹರಣೆಗಳು ಬಹುಮಟ್ಟಿಗೆ ಸ್ಪೀಡ್‌ಮಾಸ್ಟರಿನವು. ಪರೀಕ್ಷೆಯ ಕ್ರಮ ಮಾತ್ರ ಯಾವುದೇ ಮೆಕ್ಯಾನಿಕಲ್ ಕ್ರೋನೋಗ್ರಾಫಿಗೂ ಹೊಂದುತ್ತದೆ.

ಮೊದಲು ಯಂತ್ರ

ಕ್ರೋನೋಗ್ರಾಫ್ ಎಂದರೆ ವೇಳೆ ತೋರಿಸುವುದರ ಜೊತೆಗೆ ಸ್ಟಾಪ್‌ವಾಚಿನ ಕೆಲಸವನ್ನೂ ಮಾಡುವ ಗಡಿಯಾರ. ಕ್ರೋನೋಮೀಟರ್ ಎಂಬುದು ಬೇರೆ. ಅದು ನಿಖರತೆಯ ಪರೀಕ್ಷೆಯಲ್ಲಿ ಪಾಸಾದ ಗಡಿಯಾರಕ್ಕೆ ಸಲ್ಲುವ ಹೆಸರು. ಅಂಗಡಿಯಲ್ಲಿ ಕೂತವರೇ ಒಮ್ಮೊಮ್ಮೆ ಇವೆರಡನ್ನು ಕಲಸಿ ಮಾತನಾಡುವುದರಿಂದ ಈ ವ್ಯತ್ಯಾಸವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ಪೀಡ್‌ಮಾಸ್ಟರಿನ ಮುಖದ ಮೇಲೆ ಮೂರು ಪುಟ್ಟ ಡಯಲ್‌ಗಳಿವೆ. 9ರ ಬಳಿ ಇರುವುದು ಸದಾ ಓಡುವ ಸೆಕೆಂಡಿನ ಮುಳ್ಳು. 3ರ ಬಳಿ 30 ನಿಮಿಷಗಳ ಲೆಕ್ಕ. 6ರ ಬಳಿ 12 ಗಂಟೆಗಳ ಲೆಕ್ಕ. ನಡುವಿನ ಉದ್ದ ಸೆಕೆಂಡಿನ ಮುಳ್ಳು ಮಾಮೂಲಾಗಿ 12ರ ಮೇಲೆ ಸುಮ್ಮನೆ ನಿಂತಿರುತ್ತದೆ. ಪಕ್ಕದ ಕೀಗಿಂತ ಮೇಲ್ಗಡೆ ಇರುವ ಗುಂಡಿ ಒತ್ತಿದರೆ ಅದು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಸೊನ್ನೆಗೆ ಮರಳುತ್ತದೆ.

ಈ ಹೊರಡುವ, ನಿಲ್ಲುವ, ಮರಳುವ ಮೂರು ಕೆಲಸಗಳನ್ನು ಯಂತ್ರ ಹೇಗೆ ಮಾಡುತ್ತದೆ ಎಂಬುದರಲ್ಲಿಯೇ ಕೊಳ್ಳುವವರು ತಿಳಿಯಬೇಕಾದದ್ದರ ಬಹುಪಾಲು ಅಡಗಿದೆ. ಮೇಲಿನ ಗುಂಡಿ ಒತ್ತಿದಾಗ, ಸದಾ ತಿರುಗುತ್ತಿರುವ ಒಂದು ಹಲ್ಲಿನ ಚಕ್ರವು ಪಕ್ಕಕ್ಕೆ ಸರಿದು, ನಡುವಿನ ಕ್ರೋನೋಗ್ರಾಫ್ ಚಕ್ರದ ಹಲ್ಲಿಗೆ ಹಲ್ಲು ಕೊಡುತ್ತದೆ. ಓಡುವ ಚಕ್ರ ನಿಂತ ಚಕ್ರವನ್ನು ಹೀಗೆ ಹಿಡಿದುಕೊಳ್ಳುವಾಗ ಉದ್ದ ಮುಳ್ಳು ಒಂದು ಕೂದಲೆಳೆಯಷ್ಟು ಜಿಗಿಯುವುದು ಸಹಜ, ಅದು ದೋಷವಲ್ಲ. ರೋಲೆಕ್ಸ್ ಡೇಟೋನಾದ 2000ದ ನಂತರದ ಕ್ಯಾಲಿಬರ್ (ಎಂದರೆ ಒಳಯಂತ್ರದ ಮಾದರಿ) 4130ರಂಥ ಯಂತ್ರಗಳಲ್ಲಿ ಹಲ್ಲಿನ ಬದಲು ಒಂದರ ಮೇಲೊಂದು ಕೂರುವ ಬಿಲ್ಲೆಗಳ ಕ್ಲಚ್ ಇರುವುದರಿಂದ ಅಲ್ಲಿ ಈ ಜಿಗಿತ ಇರುವುದಿಲ್ಲ. ಕೆಳಗಿನ ಗುಂಡಿಯ ಕೆಲಸ ಇನ್ನೂ ಸೊಗಸು. ಮುಳ್ಳುಗಳ ಅಡಿಯಲ್ಲಿ ಹೃದಯದ ಆಕಾರದ ಸಣ್ಣ ಉಕ್ಕಿನ ಬಿಲ್ಲೆಗಳಿರುತ್ತವೆ. ಗುಂಡಿ ಒತ್ತಿದೊಡನೆ ಅವುಗಳ ಮೇಲೆ ಪುಟ್ಟ ಸುತ್ತಿಗೆ ಬೀಳುತ್ತದೆ. ಹೃದಯದ ಯಾವ ಬದಿಗೆ ಪೆಟ್ಟು ಬಿದ್ದರೂ ಅದು ಜಾರಿ ತಗ್ಗಿನಲ್ಲಿಯೇ ಬಂದು ನಿಲ್ಲುವುದರಿಂದ, ಮುಳ್ಳು ಎಲ್ಲಿದ್ದರೂ ಹತ್ತಿರದ ದಾರಿ ಹಿಡಿದು ಸೊನ್ನೆಗೆ ಬರುತ್ತದೆ. ಅಡಾಲ್ಫ್ ನಿಕೋಲ್ ಎಂಬ ಗಡಿಯಾರಗಾರ 1844ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಇಂದಿಗೂ ಹೆಚ್ಚಿನ ಕ್ರೋನೋಗ್ರಾಫ್‌ಗಳು ಇದನ್ನೇ ನೆಚ್ಚಿಕೊಂಡಿವೆ. ಓಡುತ್ತಿರುವ ಕ್ರೋನೋಗ್ರಾಫನ್ನು ನಿಲ್ಲಿಸದೆ ಸೊನ್ನೆಗೆ ತರಲು ಬಲವಂತ ಮಾಡಬಾರದು ಎಂಬ ನಿಯಮ ಏಕೆ ಇದೆ ಎಂಬುದು ಈಗ ನಿಮಗೇ ಹೊಳೆಯುತ್ತದೆ. ಹಾಗೆ ಮಾಡಲೆಂದೇ ರೂಪಿಸಿದ ಫ್ಲೈಬ್ಯಾಕ್ ಜಾತಿಯ ಗಡಿಯಾರಗಳ ಮಾತು ಬೇರೆ.

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಕೈಯಲ್ಲಿ ಹಿಡಿದು ತಿಳಿಯುವುದು ಮೇಲು. ನನ್ನ ಸಲಹೆ ಕೆಲವರಿಗೆ ವಿಚಿತ್ರವೆನಿಸಬಹುದು: ದುಬಾರಿ ಗಡಿಯಾರಕ್ಕೆ ಮೊದಲು ಚೀನಾದ ಸೀಗಲ್ ಕಂಪನಿಯ ಎಸ್‌ಟಿ19 ಯಂತ್ರವಿರುವ ಅಗ್ಗದ ಕ್ರೋನೋಗ್ರಾಫ್ ಒಂದನ್ನು ಕೊಂಡು ಆರು ತಿಂಗಳು ಕಟ್ಟಿಕೊಳ್ಳಿ. ಆ ಯಂತ್ರ ಸ್ವಿಟ್ಜರ್‌ಲೆಂಡಿನ ವೀನಸ್ 175ರ ವಂಶದ್ದು. ಕೀ ಕೊಟ್ಟು ಓಡಿಸುವಂಥದ್ದು. ಹಿಂಬದಿಯ ಗಾಜಿನ ಮೂಲಕ ಚಕ್ರ ಸರಿಯುವುದೂ ಸುತ್ತಿಗೆ ಬೀಳುವುದೂ ಕಣ್ಣಿಗೆ ಕಾಣುತ್ತವೆ. ಪ್ರತಿದಿನ ಬೆಳಗ್ಗೆ ಕೀ ಕೊಡುವುದು ನಿಮಗೆ ಒಗ್ಗುತ್ತದೆಯೋ ಬೇಸರವಾಗುತ್ತದೆಯೋ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ. ಮನೆಯಲ್ಲಿ ಎಚ್‌ಎಂಟಿ ಜನತಾ ನೋಡುತ್ತ ಬೆಳೆದವರಿಗೆ ಇದು ಹೊಸದಲ್ಲ. ನಮ್ಮ ತಂದೆಯವರು ಸ್ನಾನ ಮುಗಿಸಿ ಬಂದವರೇ ಮೊದಲು ವಾಚಿಗೆ ಕೀ ಕೊಟ್ಟು ಆಮೇಲೆ ಅಂಗಿ ಹಾಕಿಕೊಳ್ಳುತ್ತಿದ್ದರು. ಬೇಸರ ಬರುವಂತಿದ್ದರೆ ಕೈಯ ಚಲನೆಯಿಂದಲೇ ಕೀ ತುಂಬುವ ಆಟೊಮ್ಯಾಟಿಕ್ ಕ್ರೋನೋಗ್ರಾಫ್ ಆರಿಸಿಕೊಳ್ಳುವುದು ಜಾಣತನ. 1969ರಲ್ಲಿ ಬಂದ ಜೆನಿತ್ ಎಲ್ ಪ್ರಿಮೇರೊ ಆ ಬಗೆಯಲ್ಲಿ ಇಂದಿಗೂ ಗಟ್ಟಿ ಆಯ್ಕೆ. ಗಂಟೆಗೆ 36,000 ಬಡಿತಗಳ ಆ ಯಂತ್ರ ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಅಳೆಯಬಲ್ಲದು.

ಯಾವ ಕಾಲದ್ದು ಕೊಳ್ಳಬೇಕು

ಸ್ಪೀಡ್‌ಮಾಸ್ಟರ್ ಕೊಳ್ಳುವವರು ಇಸವಿಗಿಂತ ಕ್ಯಾಲಿಬರ್ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು. 1957ರಲ್ಲಿ ಮೊದಲು ಬಂದಾಗ ಒಳಗೆ ಇದ್ದದ್ದು ಲೆಮಾನಿಯಾ ಮೂಲದ ಕ್ಯಾಲಿಬರ್ 321. ನಾಸಾ ಸಂಸ್ಥೆ 1965ರ ಮಾರ್ಚ್ 1ರಂದು ಮಾನವಸಹಿತ ಯಾನಗಳಿಗೆ ಒಪ್ಪಿದ್ದೂ, 1969ರ ಜುಲೈನಲ್ಲಿ ಬಜ್ ಆಲ್ಡ್ರಿನ್ ಚಂದ್ರನ ನೆಲದ ಮೇಲೆ ಕಟ್ಟಿಕೊಂಡು ಓಡಾಡಿದ್ದೂ ಈ ಯಂತ್ರವಿದ್ದ ಗಡಿಯಾರವನ್ನೇ. ಆರ್ಮ್‌ಸ್ಟ್ರಾಂಗ್ ತಮ್ಮದನ್ನು ಚಂದ್ರನೌಕೆಯೊಳಗೇ ಬಿಟ್ಟು ಇಳಿದಿದ್ದರು. ಆಲ್ಡ್ರಿನ್ ಅವರ ಆ ಗಡಿಯಾರವೋ, ಆಮೇಲೆ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಸಾಗಿಸುವಾಗ ಕಳೆದುಹೋಯಿತು. ಹಾಗಾಗಿ ‘ಇದು ಅದೇ’ ಎಂದು ಯಾರಾದರೂ ಪಿಸುಗುಟ್ಟಿದರೆ ನಕ್ಕು ಎದ್ದು ಬರಬಹುದು. ಅರವತ್ತರ ದಶಕ ಮುಗಿಯುವ ಹೊತ್ತಿಗೆ 321ರ ಜಾಗಕ್ಕೆ ಕ್ಯಾಲಿಬರ್ 861 ಬಂತು. ಬಡಿತ ಗಂಟೆಗೆ 18,000ದಿಂದ 21,600ಕ್ಕೆ ಏರಿತು. ಗುಂಡಿಗಳ ಆಜ್ಞೆಯನ್ನು ಚಕ್ರಗಳಿಗೆ ತಲುಪಿಸುವ ಕಾಲಮ್ ವ್ಹೀಲ್ ಹೋಗಿ ಅದಕ್ಕಿಂತ ಸರಳವಾದ ಕ್ಯಾಮ್ ಬಂತು. 1997ರ ಸುಮಾರಿಗೆ ಅದೇ ಯಂತ್ರ ರೋಡಿಯಂ ಲೇಪ ಪಡೆದು 1861 ಆಯಿತು. 2021ರ ಜನವರಿಯಲ್ಲಿ ಮಾಮೂಲು ಮಾದರಿಗೆ ಬಂದ 3861ರಲ್ಲಿ ಸ್ಪ್ರಿಂಗಿನ ಶಕ್ತಿಯನ್ನು ಬಡಿತ ಬಡಿತಕ್ಕೆ ಅಳೆದು ಬಿಡುವ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ ಇದೆ, 15,000 ಗಾಸ್‌ವರೆಗಿನ ಅಯಸ್ಕಾಂತವನ್ನು ತಾಳುತ್ತದೆ, ಕೀ ತುಂಬಿದರೆ 50 ಗಂಟೆ ಓಡುತ್ತದೆ, ದಿನಕ್ಕೆ 0ರಿಂದ 5 ಸೆಕೆಂಡು ಮುಂದೆ ಎಂಬ ಮಿತಿಯೊಳಗೆ ಪರೀಕ್ಷೆಯಾಗಿ ಬರುತ್ತದೆ.

ಮೊದಲ ಸಲ ಕೊಳ್ಳುವವರಿಗೆ 321ರ ಗೊಡವೆ ಬೇಡವೆಂದೇ ಹೇಳುತ್ತೇನೆ. ಹಳೆಯ 321 ಗಡಿಯಾರಗಳ ಬೆಲೆ ಡಯಲ್, ಬೆಜೆಲ್ (ಗಾಜಿನ ಸುತ್ತಲಿನ ಅಂಕಿಗಳ ಬಳೆ), ಮುಳ್ಳು, ಚೈನು ಎಲ್ಲವೂ ಆ ಕಾಲದ್ದೇ ಆಗಿರುವುದರ ಮೇಲೆ ನಿಂತಿದೆ. ಬೆಜೆಲ್ ಮೇಲೆ 90 ಎಂಬ ಅಂಕಿಯ ಚುಕ್ಕೆ ಅಂಕಿಯ ಪಕ್ಕದಲ್ಲಿದೆಯೋ ನೆತ್ತಿಯ ಮೇಲಿದೆಯೋ ಎಂಬಷ್ಟಕ್ಕೇ ಬೆಲೆ ಏರಿಳಿಯುತ್ತದೆ. ಇಂಥ ಕಡೆ ಪಂಡಿತರೂ ಬೇಸ್ತು ಬೀಳುತ್ತಾರೆ. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರ ಮಾದರಿಯ ಒಂದು ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಮಿಕ್ಕಿ ಮಾರಾಟವಾಗಿ, ಸಂಗ್ರಹಕಾರರೆಲ್ಲ ಬೆರಗಾದರು. ಅದನ್ನು ಕೊಂಡದ್ದು ಒಮೆಗಾ ಕಂಪನಿಯೇ. 2023ರಲ್ಲಿ ಅದೇ ಕಂಪನಿ, ಆ ಗಡಿಯಾರ ಬೇರೆಬೇರೆ ಕಡೆಯ ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ್ದೆಂದೂ, ಅದರಲ್ಲಿ ತನ್ನ ಮಾಜಿ ನೌಕರರ ಕೈವಾಡವಿತ್ತೆಂದೂ ಹೇಳಬೇಕಾಯಿತು. ತಯಾರಿಸಿದ ಮನೆಯವರಿಗೇ ಹೀಗಾಗುವುದಾದರೆ, ನಾಲ್ಕು ಫೋಟೊ ನೋಡಿ ಮುಂಗಡ ಕಳಿಸುವ ನಮ್ಮ ಗತಿಯೇನು? ಹೊಸದಾಗಿ ಅಧಿಕೃತ ಅಂಗಡಿಯಿಂದ 3861, ಇಲ್ಲವೆ ಪೆಟ್ಟಿಗೆ-ಕಾಗದ ಸಮೇತ ಸಿಗುವ ಒಂದು ಕೈ ಬದಲಾದ 1861, ಈ ಎರಡರಲ್ಲಿ ಒಂದನ್ನು ಆರಿಸಿಕೊಂಡರೆ ನಿದ್ದೆ ಕೆಡುವುದಿಲ್ಲ.

ಗಾಜಿನ ವಿಷಯಕ್ಕೆ ಒಂದು ಮಾತು. ಸ್ಪೀಡ್‌ಮಾಸ್ಟರಿನಲ್ಲಿ ಹೆಸಲೈಟ್ ಎಂದು ಕರೆಯುವ ಅಕ್ರಿಲಿಕ್ ಗಾಜಿನದ್ದೂ ಸಫೈರ್ ಗಾಜಿನದ್ದೂ ಎರಡೂ ಸಿಗುತ್ತವೆ. ಅಕ್ರಿಲಿಕ್ ಸುಲಭವಾಗಿ ಗೀರು ಬೀಳುತ್ತದೆ, ಆದರೆ ಚೂರುಚೂರಾಗುವುದಿಲ್ಲ. ಸಫೈರ್ ಗೀರು ಬೀಳುವುದಿಲ್ಲ, ಬೆಲೆ ಜಾಸ್ತಿ. ನನ್ನದು ಅಕ್ರಿಲಿಕ್.

ನೋಡುವ ಕ್ರಮ

ನಾನು ಕೊಳ್ಳದೆ ಬಿಟ್ಟ ಗಡಿಯಾರದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಹೆಚ್ಚು ಕಲಿಸಿದ್ದು ಅದು. ಎಪ್ಪತ್ತರ ದಶಕದ 861 ಯಂತ್ರದ್ದು. ಬೇರೆ ಊರಿನ ಮಾರಾಟಗಾರರೊಬ್ಬರು ಬೆಂಗಳೂರಿಗೆ ಬಂದಾಗ ಹೋಟೆಲೊಂದರ ಲಾಬಿಯಲ್ಲಿ ತೋರಿಸಿದರು. ಫೋಟೊದಲ್ಲಿದ್ದುದಕ್ಕಿಂತ ಚೆನ್ನಾಗಿಯೇ ಹೊಳೆಯುತ್ತಿತ್ತು. ಆ ಹೊಳಪೇ ಮೊದಲ ತೊಡಕು ಎಂಬುದು ಆಗ ನನಗೆ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ರಿಪೇರಿಯವರು ಏನೂ ಮಾತನಾಡದೆ ಜೇಬಿನಿಂದ ಲೂಪ್ ಎಂಬ ಕಣ್ಣಿನ ಭೂತಗನ್ನಡಿ ತೆಗೆದು, ಗಡಿಯಾರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲು ಡಯಲನ್ನಲ್ಲ, ಚೈನು ಸೇರುವ ಲಗ್ಗುಗಳನ್ನು ನೋಡಿದರು. ಸ್ಪೀಡ್‌ಮಾಸ್ಟರಿನ ಲಗ್ ಒಂದು ತಿರುಚು ಪಡೆದು ಇಳಿಯುತ್ತದೆ. ಅದರ ಹೊಳಪಿನ ಮೈಗೂ ಒರಟು ಮೈಗೂ ನಡುವೆ ಚಾಕುವಿನ ಬಾಯಂತೆ ಹರಿತವಾದ ಗೆರೆಯಿರಬೇಕು. ಇದರಲ್ಲಿ ಆ ಗೆರೆ ಸವೆದ ಸಾಬೂನಿನ ಅಂಚಿನಂತಿತ್ತು. ಪದೇಪದೇ ಪಾಲಿಶ್ ಚಕ್ರಕ್ಕೆ ಹಿಡಿದು ಲೋಹ ಹೋಗಿಬಿಟ್ಟಿದೆ ಎಂದು ಅರ್ಥ. ಗೀರು ಬಿದ್ದ ಕೇಸಿಗಿಂತ (ಗಡಿಯಾರದ ಲೋಹದ ಹೊರಮೈಗಿಂತ) ಪಾಲಿಶಾದ ಕೇಸು ಹೆಚ್ಚು ಕೆಟ್ಟದ್ದು. ಗೀರಿನಲ್ಲಿ ಲೋಹ ಉಳಿದಿರುತ್ತದೆ.

ಆಮೇಲೆ ಎರಡೂ ಅಂಗೈಗಳಿಂದ ಗಡಿಯಾರವನ್ನು ಮುಚ್ಚಿ ಕತ್ತಲು ಮಾಡಿ ನನಗೂ ಇಣುಕಲು ಹೇಳಿದರು. ಮುಳ್ಳುಗಳು ಹಸಿರಾಗಿ ಬೆಳಗುತ್ತಿದ್ದವು, ಡಯಲಿನ ಗುರುತುಗಳು ಸತ್ತಂತಿದ್ದವು. ಅರವತ್ತರ ದಶಕದಿಂದ 1990ರ ದಶಕದವರೆಗಿನ ಡಯಲ್‌ಗಳಲ್ಲಿ ಬೆಳಗಲೆಂದು ಬಳಸುತ್ತಿದ್ದುದು ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು. ಅದಕ್ಕೆಂದೇ ಡಯಲಿನ ಬುಡದಲ್ಲಿ ‘ಸ್ವಿಸ್ ಮೇಡ್’ ಎಂಬ ಮಾತಿನ ಎರಡು ಬದಿಗೂ ‘ಟಿ’ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ಟ್ರಿಟಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುವುದರಿಂದ ಐವತ್ತು ವರ್ಷದ ಗಡಿಯಾರ ಕತ್ತಲೆಯಲ್ಲಿ ಬೆಳಗುವ ಮಾತೇ ಇಲ್ಲ. ಮುಳ್ಳು ಬೆಳಗಿದರೆ ಮುಳ್ಳು ಬದಲಾಗಿದೆ. ಎಲ್ಲವೂ ಬೆಳಗಿದರೆ ಡಯಲೂ ಬದಲಾಗಿದೆ. ಬದಲಾಗಿರುವುದು ಪಾಪವೇನಲ್ಲ, ಕಂಪನಿಯ ಸರ್ವಿಸಿನಲ್ಲಿಯೇ ಬದಲಾಗಿರಬಹುದು. ಆದರೆ ‘ಎಲ್ಲ ಒರಿಜಿನಲ್’ ಎಂದು ಹೇಳಿ ಆ ಬೆಲೆ ಕೇಳುವುದು ಸರಿಯಲ್ಲ.

ಕೊನೆಗೆ ಗುಂಡಿಗಳ ಸರದಿ. ಮೇಲಿನದನ್ನು ಒತ್ತಿದರು. ಒಳ್ಳೆಯ ಸ್ಥಿತಿಯಲ್ಲಿರುವ ಯಂತ್ರದ ಗುಂಡಿ ಮೊದಲು ತುಸು ತಡೆದು, ಆಮೇಲೆ ‘ಟಕ್’ ಎಂದು ಒಮ್ಮೆಲೇ ಬಿಟ್ಟುಕೊಡಬೇಕು. ಇದು ಒದ್ದೆ ಬೆಂಡಿನಂತೆ ಮೆತ್ತಗೆ ಇಳಿಯಿತು. ಒಂದು ನಿಮಿಷ ಓಡಲು ಬಿಟ್ಟು, ಉದ್ದ ಮುಳ್ಳು 12ನ್ನು ದಾಟುವಾಗ ನಿಮಿಷದ ಪುಟ್ಟ ಮುಳ್ಳು ಒಂದು ಮನೆ ಮುಂದೆ ಹೋಯಿತೇ ಎಂದು ನೋಡಿದರು, ಹೋಯಿತು. ನಿಲ್ಲಿಸಿ, ಕೆಳಗಿನ ಗುಂಡಿ ಒತ್ತಿದರು. ಉದ್ದ ಮುಳ್ಳು 12ರ ಗೆರೆಯ ಮೇಲೆ ಕೂರದೆ ಅರ್ಧ ಸೆಕೆಂಡಿನಷ್ಟು ಬಲಕ್ಕೆ ನಿಂತಿತು. ಮತ್ತೆ ನಾಲ್ಕು ಸಲ ಮಾಡಿದರು; ನಾಲ್ಕು ಸಲವೂ ಬೇರೆಬೇರೆ ಕಡೆ ನಿಂತಿತು. ಪ್ರತಿ ಸಲವೂ ಒಂದೇ ಕಡೆ ತಪ್ಪಿ ನಿಂತಿದ್ದರೆ ಮುಳ್ಳನ್ನು ಕಿತ್ತು ಸರಿಯಾಗಿ ಕೂರಿಸಿದರೆ ಮುಗಿಯುತ್ತಿತ್ತು. ಬೇರೆಬೇರೆ ಕಡೆ ನಿಂತರೆ ಮುಳ್ಳು ಸಡಿಲವಾಗಿದೆ, ಇಲ್ಲವೆ ಸುತ್ತಿಗೆ ಅಥವಾ ಹೃದಯದ ಬಿಲ್ಲೆ ಸವೆದಿದೆ. ಆಮೇಲೆ ಅವರು ಕಾಫಿ ತರಿಸಿದರು. ನನಗೆ ಆಶ್ಚರ್ಯವಾಯಿತು, ಅವರಿಗೆ ಬೇಕಾಗಿದ್ದದ್ದು ಕಾಫಿಯಲ್ಲ, ಇಪ್ಪತ್ತು ನಿಮಿಷ. ಕ್ರೋನೋಗ್ರಾಫ್ ನಿಂತೇ ಇದ್ದರೂ 6ರ ಬಳಿಯ ಗಂಟೆಯ ಪುಟ್ಟ ಮುಳ್ಳು ಅಷ್ಟರಲ್ಲಿ ಸೊನ್ನೆಯಿಂದ ಸ್ವಲ್ಪ ಕದಲಿತ್ತು. ಈ ಯಂತ್ರದಲ್ಲಿ ಗಂಟೆಯ ಲೆಕ್ಕದ ಚಕ್ರಕ್ಕೆ ಚಾಲನೆ ಸಿಗುವುದು ಮುಖ್ಯ ಸ್ಪ್ರಿಂಗ್ ಕೂತಿರುವ ಬ್ಯಾರೆಲ್ಲಿನಿಂದ. ಕ್ರೋನೋಗ್ರಾಫ್ ಬಳಕೆಯಲ್ಲಿ ಇಲ್ಲದಾಗ ಒಂದು ಸಣ್ಣ ಬ್ರೇಕು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಆ ಹಿಡಿತ ಸರಿಯಿಲ್ಲದಿದ್ದರೆ ಮುಳ್ಳು ಹೀಗೆ ತೆವಳುತ್ತದೆ. ಐದು ನಿಮಿಷ ನೋಡಿ ಕೊಂಡವರಿಗೆ ಇದು ಮನೆಗೆ ಹೋದ ಮೇಲೆಯೇ ಕಾಣುವುದು.

ನಾವು ವಂದಿಸಿ ಎದ್ದೆವು. ಕಾಫಿಯ ಬಿಲ್ಲು ನಾನೇ ಕೊಟ್ಟೆ.

ಅದಾದ ಏಳು ತಿಂಗಳಿಗೆ ಮೈಸೂರಿನ ನಿವೃತ್ತ ಎಂಜಿನಿಯರ್ ಒಬ್ಬರಿಂದ ನಾನು ಕೊಂಡದ್ದು 1861 ಯಂತ್ರದ್ದು, 3570.50 ಎಂಬ ರೆಫರೆನ್ಸ್ ಸಂಖ್ಯೆಯದ್ದು. ಅದರಲ್ಲಿ ನೋಡಿದ್ದು ಇದೇ ಕ್ರಮದಲ್ಲಿ. ಆದರೆ ಹೊಸ ಕಾಲದ್ದಾದ್ದರಿಂದ ಕಾಗದಗಳಿಗೆ ಹೆಚ್ಚು ಗಮನ ಕೊಟ್ಟೆವು. ಲಗ್ಗಿನ ಹಿಂಬದಿಯಲ್ಲಿ ಸಣ್ಣದಾಗಿ ಕೆತ್ತಿದ ಸೀರಿಯಲ್ ಸಂಖ್ಯೆಯೂ ವಾರಂಟಿ ಕಾರ್ಡಿನ ಸಂಖ್ಯೆಯೂ ಒಂದೇ ಆಗಿರಬೇಕು. ಕಾರ್ಡಿನಲ್ಲಿ ಅಂಗಡಿಯ ಮೊಹರೂ ದಿನಾಂಕವೂ ಇರಬೇಕು. ತೀರ ಹಳೆಯ ಸ್ಪೀಡ್‌ಮಾಸ್ಟರುಗಳಲ್ಲಿ ಸೀರಿಯಲ್ ಸಂಖ್ಯೆ ಯಂತ್ರದ ಮೇಲೆಯೇ ಇರುವುದರಿಂದ ಹಿಂಬದಿಯ ಮುಚ್ಚಳ ಬಿಚ್ಚದೆ ಕೊಳ್ಳಬಾರದು. ಬಿಚ್ಚಲು ಒಪ್ಪದವರೊಡನೆ ವ್ಯವಹಾರವೇ ಬೇಡ. ಅಸಲಿ ಹೆಸಲೈಟ್ ಗಾಜಿನ ನಟ್ಟನಡುವೆ ಲೂಪಿನಲ್ಲಿ ಮಾತ್ರ ಕಾಣುವಷ್ಟು ಸಣ್ಣ ಒಮೆಗಾ ಚಿಹ್ನೆ ಇರುತ್ತದೆ. ಇಲ್ಲದಿದ್ದರೆ ಗಾಜು ಹೊರಗಿನದು. ಮುಚ್ಚಳ ಬಿಚ್ಚಿದಾಗ ಒಳಗೆ ಒಂದು ಬಿಳಿಯ ಪ್ಲಾಸ್ಟಿಕ್ ತುಣುಕು ಕಂಡರೆ ಗಾಬರಿಯಾಗಬೇಡಿ. 1861ರ ಕ್ರೋನೋಗ್ರಾಫ್ ಬ್ರೇಕು ಕಂಪನಿಯಿಂದಲೇ ಹಾಗೆ ಬಂದದ್ದು. ಅದನ್ನು ಕಂಡು ‘ಡೂಪ್ಲಿಕೇಟ್’ ಎಂದು ಬೊಬ್ಬೆಹಾಕಿದವರನ್ನು ನೋಡಿದ್ದೇನೆ.

ರಿಪೇರಿ ಅಂಗಡಿಯಲ್ಲಿ ಟೈಮಿಂಗ್ ಯಂತ್ರವಿದ್ದರೆ ಗಡಿಯಾರಕ್ಕೆ ಪೂರ್ತಿ ಕೀ ಕೊಟ್ಟು ಅದರ ಮೇಲೆ ಇಡಿಸಿ. ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚುಕಡಿಮೆ ಎಂಬ ಅಂಕಿಯನ್ನಷ್ಟೇ ನೋಡಿ ತೃಪ್ತರಾಗಬೇಡಿ. ಅದನ್ನು ಯಾರಾದರೂ ತಿರುಗಿಸಿ ಸರಿಮಾಡಬಹುದು. ಆಂಪ್ಲಿಟ್ಯೂಡ್ ಎಂಬ ಇನ್ನೊಂದು ಅಂಕಿ ಇರುತ್ತದೆ; ಗಡಿಯಾರಕ್ಕೆ ಬಡಿತ ಕೊಡುವ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗಾಡುತ್ತಿದೆ ಎಂಬುದರ ಅಳತೆಯದು. ಮುಖ ಮೇಲಾಗಿಟ್ಟಾಗ 1861ರಲ್ಲಿ 270ರಿಂದ 300ರ ಆಸುಪಾಸು ಇದ್ದರೆ ಆರೋಗ್ಯ ಚೆನ್ನಾಗಿದೆ. 230ಕ್ಕಿಂತ ಕೆಳಗಿದ್ದರೆ ಒಳಗಿನ ಎಣ್ಣೆ ಒಣಗಿದೆ, ಸರ್ವಿಸು ಬಾಕಿಯಿದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತನಾಡಬೇಕು. ಹಾಗೆಯೇ ಕ್ರೋನೋಗ್ರಾಫನ್ನು ಓಡಿಸಿ ಮತ್ತೊಮ್ಮೆ ನೋಡಿ. ಹೆಚ್ಚಿನ ಚಕ್ರಗಳ ಭಾರ ಬೀಳುವುದರಿಂದ ಅಂಕಿ ಸ್ವಲ್ಪ ಇಳಿಯುವುದು ಸಹಜ, ಧುಮುಕಿದರೆ ಸಹಜವಲ್ಲ. ನನ್ನದು 284 ಇದ್ದದ್ದು 262ಕ್ಕೆ ಇಳಿಯಿತು. ರಿಪೇರಿಯವರು ತಲೆಯಾಡಿಸಿದರು. ಮೂರು ವರ್ಷದಲ್ಲಿ ಅವರು ಒಂದು ಗಡಿಯಾರಕ್ಕೆ ತಲೆಯಾಡಿಸಿದ್ದು ಅದೇ ಮೊದಲು.

ಭಾರತದಲ್ಲಿ ಹಳೆಯ ಗಡಿಯಾರ ಹುಡುಕುವವರಿಗೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ‘ಬಾಂಬೆ ಡಯಲ್’ ಎಂದು ಬಲ್ಲವರು ಕರೆಯುವ, ಮೇಲೆ ಹೊಸದಾಗಿ ಬಣ್ಣ ಬಳಿದು ಹೆಸರು ಅಚ್ಚೊತ್ತಿದ ಡಯಲ್‌ಗಳ ಎಚ್‌ಎಂಟಿ ಮತ್ತು ಹಳೆಯ ಸ್ವಿಸ್ ಗಡಿಯಾರಗಳು ನಮ್ಮಲ್ಲಿ ಧಾರಾಳವಾಗಿ ಸಿಗುತ್ತವೆ. ಲೂಪಿನಲ್ಲಿ ನೋಡಿದರೆ ಅಕ್ಷರಗಳ ಅಂಚು ಹರಡಿರುತ್ತದೆ, ಗೆರೆಗಳು ಪುಟ್ಟ ಡಯಲಿನ ಅಂಚಿಗೆ ಸರಿಯಾಗಿ ಕೂಡುವುದಿಲ್ಲ. ಎಂಬತ್ತು ವರ್ಷದ ಗಡಿಯಾರದ ಮುಖ ನಿನ್ನೆ ಮದುವೆಗೆ ಸಿಂಗರಿಸಿದಂತಿದ್ದರೆ ಅನುಮಾನಪಡಿ.

ದುಡ್ಡು, ಬಿಲ್ಲು, ಸುಂಕ

ಗಡಿಯಾರದ ಬೆಲೆಯನ್ನು ಲೆಕ್ಕಹಾಕುವಾಗ ಅದರ ಹತ್ತರಲ್ಲೊಂದು ಪಾಲನ್ನು ಮೊದಲ ಸರ್ವಿಸಿಗೆಂದು ಬದಿಗಿಡಿ. ಕ್ರೋನೋಗ್ರಾಫಿನ ಸರ್ವಿಸು ಮೂರು ಮುಳ್ಳಿನ ಸಾದಾ ಗಡಿಯಾರದ್ದಕ್ಕಿಂತ ಗಣನೀಯವಾಗಿ ದುಬಾರಿ. ಐದರಿಂದ ಎಂಟು ವರ್ಷಕ್ಕೊಮ್ಮೆ ಅದು ಬಂದೇ ಬರುತ್ತದೆ. ಆ ದುಡ್ಡು ಕೈಯಲ್ಲಿ ಉಳಿಯದಷ್ಟು ಬೆಲೆಯ ಗಡಿಯಾರ ಇನ್ನೂ ನಿಮ್ಮದಾಗುವ ಕಾಲ ಬಂದಿಲ್ಲ ಎಂದುಕೊಳ್ಳಬಹುದು.

ಬಿಲ್ಲಿಲ್ಲದೆ, ನಗದಿನಲ್ಲಿ ಕೊಟ್ಟರೆ ಕಡಿಮೆ ಎಂಬ ಆಮಿಷ ಬರುತ್ತದೆ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಅದಿರಲಿ, ಬ್ಯಾಂಕಿನ ದಾಖಲೆಯಿಲ್ಲದ ಗಡಿಯಾರವನ್ನು ನಾಳೆ ನೀವು ಮಾರುವಾಗ, ವಿಮೆ ಮಾಡಿಸುವಾಗ, ಕಳುವಾದರೆ ದೂರು ಕೊಡುವಾಗ ನಿಮ್ಮದೆಂದು ತೋರಿಸಲು ಏನೂ ಇರುವುದಿಲ್ಲ. 2025ರ ಏಪ್ರಿಲ್ 22ರಿಂದ 10 ಲಕ್ಷ ರೂಪಾಯಿ ದಾಟಿದ ಕೈಗಡಿಯಾರದ ಮಾರಾಟಕ್ಕೆ ಅಂಗಡಿಯವರು ಶೇ. 1ರಷ್ಟು ಟಿಸಿಎಸ್ (ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) ವಸೂಲಿ ಮಾಡುವ ನಿಯಮ ಬಂದಿದೆ. ಅದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ವ್ಯಕ್ತಿಯಿಂದ ಕೊಳ್ಳುವಾಗಲೂ ಒಂದು ಹಾಳೆಯಲ್ಲಿ ಸೀರಿಯಲ್ ಸಂಖ್ಯೆ, ಮೊತ್ತ, ದಿನಾಂಕ ಬರೆದು ಇಬ್ಬರೂ ಸಹಿ ಹಾಕಿ. ಮೈಸೂರಿನ ಹಿರಿಯರು ನಾನು ಕೇಳುವ ಮೊದಲೇ ಛಾಪಾ ಕಾಗದ ತಂದಿಟ್ಟಿದ್ದರು.

ದುಬೈಯಲ್ಲಿರುವ ಭಾವಮೈದುನನ ಕೈಯಲ್ಲಿ ತರಿಸಿಕೊಂಡರೆ ಅಗ್ಗವಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಈ ದರ್ಜೆಯ ಗಡಿಯಾರದ ಬೆಲೆಯ ಮುಂದೆ ಪ್ರಯಾಣಿಕರಿಗಿರುವ ಸುಂಕವಿನಾಯಿತಿಯ ಮಿತಿ ಬಲು ಚಿಕ್ಕದು. ವಿಮಾನ ನಿಲ್ದಾಣದ ರೆಡ್ ಚಾನೆಲ್ಲಿಗೆ ಹೋಗಿ ಘೋಷಿಸಿ ಸುಂಕ ಕಟ್ಟಿದ ಮೇಲೆ ಉಳಿತಾಯ ಬಹುತೇಕ ಕರಗಿರುತ್ತದೆ. ಘೋಷಿಸದೆ ತರಲು ಹೋಗಿ ಸಿಕ್ಕಿಬಿದ್ದರೆ ಗಡಿಯಾರವೂ ಹೋಗಬಹುದು, ಭಾವಮೈದುನನ ಸಂಬಂಧವೂ ಹೋಗಬಹುದು. ಸ್ವಿಟ್ಜರ್‌ಲೆಂಡ್ ಸೇರಿದ ಇಎಫ್‌ಟಿಎ ಎಂಬ ವ್ಯಾಪಾರ ಕೂಟದ ದೇಶಗಳೊಡನೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಹಾಕಿದ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ಗಡಿಯಾರಗಳ ಆಮದು ಸುಂಕ ಹಂತಹಂತವಾಗಿ ಇಳಿಯಬೇಕಾಗಿದೆ. ಆತುರವಿಲ್ಲದವರು ಇಲ್ಲಿನ ಅಂಗಡಿಯ ಬೆಲೆಯನ್ನೇ ಆಗಾಗ ವಿಚಾರಿಸುತ್ತಿರುವುದು ವಾಸಿ.

ಕೈಗೆ ಬಂದ ಮೇಲೆ

ಕೀಯನ್ನು ದಿನವೂ ಒಂದೇ ಹೊತ್ತಿಗೆ, ಗಡಿಯಾರವನ್ನು ಕೈಯಿಂದ ಬಿಚ್ಚಿ, ಬಿಗಿ ಸಿಗುವವರೆಗೆ ತಿರುಗಿಸಿ ನಿಲ್ಲಿಸಿ; ಕಟ್ಟಿಕೊಂಡೇ ತಿರುಗಿಸಿದರೆ ಕೀಯ ಕಡ್ಡಿಯ ಮೇಲೆ ಓರೆಯಾಗಿ ಭಾರ ಬೀಳುತ್ತದೆ. 50 ಮೀಟರ್ ಎಂದು ಬರೆದಿದೆಯೆಂದು ಈಜಲು ಇಳಿಯಬೇಡಿ, ನೀರಿನಲ್ಲಿ ಗುಂಡಿ ಒತ್ತಲಂತೂ ಹೋಗಬೇಡಿ. ಕ್ರೋನೋಗ್ರಾಫನ್ನು ಮಾತ್ರ ಧಾರಾಳವಾಗಿ ಬಳಸಿ, ಏಕೆಂದರೆ ಕೊಂಡದ್ದು ಅದಕ್ಕಾಗಿ. ಬೆಜೆಲ್ ಮೇಲಿನ ಟ್ಯಾಕಿಮೀಟರ್ ಅಂಕಿಗಳು ಅಲಂಕಾರಕ್ಕಿರುವುವಲ್ಲ: ಮೈಸೂರು ರಸ್ತೆಯಲ್ಲಿ ಬೇರೆಯವರು ಕಾರು ಓಡಿಸುವಾಗ ಒಂದು ಕಿಲೋಮೀಟರ್ ಕಲ್ಲಿನ ಬಳಿ ಗುಂಡಿ ಒತ್ತಿ ಮುಂದಿನ ಕಲ್ಲಿನ ಬಳಿ ನಿಲ್ಲಿಸಿದರೆ, ಉದ್ದ ಮುಳ್ಳು 45 ಸೆಕೆಂಡಿನಲ್ಲಿ ನಿಂತಿರುವ ಜಾಗದಲ್ಲಿ ಬೆಜೆಲ್ 80 ಎಂದು ತೋರಿಸುತ್ತದೆ, ಅದೇ ಗಂಟೆಗೆ ನಿಮ್ಮ ವೇಗ. ಮನೆಯಲ್ಲಿ ನನ್ನ ಕ್ರೋನೋಗ್ರಾಫಿಗೆ ಅತಿ ಹೆಚ್ಚು ಕೆಲಸ ಕೊಡುವುದು ಬೆಳಗಿನ ಡಿಕಾಕ್ಷನ್. ಅಪೊಲೊ 13ರಲ್ಲಿ ಜಾಕ್ ಸ್ವೈಗರ್ಟ್ ಇದೇ ಬಗೆಯ ಗಡಿಯಾರದಲ್ಲಿ ಎಂಜಿನ್ ಉರಿಸಬೇಕಾದ 14 ಸೆಕೆಂಡುಗಳನ್ನು ಎಣಿಸಿದರು ಎಂಬುದು ನೆನಪಾದಾಗ ಸ್ವಲ್ಪ ನಾಚಿಕೆಯಾಗುವುದುಂಟು.

ಅಕ್ರಿಲಿಕ್ ಗಾಜಿಗೆ ಮೊದಲ ತಿಂಗಳಲ್ಲೇ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಗಾಜಿಗೆಂದೇ ಸಿಗುವ ಪಾಲಿಶ್ ಪೇಸ್ಟನ್ನು ಕಡಲೆಕಾಳಿನಷ್ಟು ಹಾಕಿ, ಸುತ್ತಲಿನ ಉಕ್ಕಿಗೆ ತಾಗದಂತೆ ಟೇಪು ಅಂಟಿಸಿ, ಮೆತ್ತನೆಯ ಹತ್ತಿಬಟ್ಟೆಯಿಂದ ಗೀರಿಗೆ ಅಡ್ಡಲಾಗಿ ನಾಲ್ಕೈದು ನಿಮಿಷ ಉಜ್ಜಿದರೆ ಆಳವಿಲ್ಲದ ಗೀರುಗಳೆಲ್ಲ ಹೋಗುತ್ತವೆ. ಗಾಜಿಗೆ ಮಾಡುವ ಈ ಉಪಚಾರವನ್ನು ಕೇಸಿಗೆ ಮಾಡಕೂಡದು. ಸರ್ವಿಸಿಗೆ ಕೊಡುವ ದಿನ ಜಾಬ್ ಕಾರ್ಡಿನ ಮೇಲೆ ನಿಮ್ಮ ಕೈಯಾರೆ ಮೂರು ಸಾಲು ಬರೆಯಿರಿ: ಕೇಸಿಗೂ ಚೈನಿಗೂ ಪಾಲಿಶ್ ಬೇಡ, ಕೇಳದೆ ಡಯಲ್, ಮುಳ್ಳು, ಬೆಜೆಲ್ ಬದಲಿಸಬೇಡಿ, ಬದಲಿಸಿದ ಹಳೆಯ ಭಾಗಗಳನ್ನು ಪೊಟ್ಟಣ ಕಟ್ಟಿ ಹಿಂದಿರುಗಿಸಿ. ಬರೆದದ್ದರ ಫೋಟೊ ತೆಗೆದುಕೊಂಡು, ಕೌಂಟರಿನವರ ಸಹಿಯನ್ನೂ ಅದರ ಕೆಳಗೇ ಹಾಕಿಸಿಕೊಂಡು ಬನ್ನಿ.